ಬೂದು ಬಣ್ಣದ ತಜ್ಞ

ಬಣ್ಣದ ವಿಷಯದಲ್ಲಿ ನಾನು ಬಾಯಿ ಹಾಕಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಹಾಗಂತ ಬಾಯಿ ಮುಚ್ಚಿಕೊಂಡಿರುವುದೂ ನನ್ನಿಂದಾಗುವುದಿಲ್ಲ. ಯಾರಾದರೂ ಗೋಡೆಯ ಮುಂದೆ ಬ್ರಷ್ ಹಿಡಿದು ನಿಂತದ್ದು ಕಂಡರೆ ಸಾಕು, ಗಾಡಿಗೆ ಸ್ಟ್ಯಾಂಡ್ ಹಾಕಿ ಇಳಿದು, ಕೇಳದಿದ್ದರೂ ಸಲಹೆ ಕೊಟ್ಟೇ ಮುಂದೆ ಹೋಗುತ್ತೇನೆ.

ನನ್ನ ಕೆಲಸ ಪೌಡರ್ ಕೋಟಿಂಗ್ ಘಟಕವೊಂದರಲ್ಲಿ. ಕಬ್ಬಿಣದ ಸಾಮಾನಿಗೆ ಬಣ್ಣದ ಪುಡಿ ಸಿಂಪಡಿಸಿ, ದೊಡ್ಡ ಓವನ್ನಿನಲ್ಲಿ ಬೇಯಿಸಿ ಅಂಟಿಸುವ ಕೆಲಸ. ಮೊದಲು ಪೀಣ್ಯದಲ್ಲಿದ್ದೆವು, ಜಾಗ ಸಾಲದೆ ಈಗ ತುಮಕೂರು ರಸ್ತೆಯ ಮಾಕಳಿಗೆ ಬಂದಿದ್ದೇವೆ. ಕೇಳಿದವರಿಗೆ "ಬಣ್ಣದ ಲೈನಲ್ಲಿದೀನಿ" ಎಂದು ಗತ್ತಿನಿಂದ ಹೇಳುತ್ತೇನೆ. ಯಾವ ಬಣ್ಣ ಎಂದು ಕೇಳಿದರೆ ಮಾತ್ರ ಮಾತು ಬದಲಿಸುತ್ತೇನೆ. ಏಕೆಂದರೆ ನಮ್ಮಲ್ಲಿಗೆ ಬರುವುದೆಲ್ಲ ಕರೆಂಟಿನ ಪ್ಯಾನೆಲ್ ಪೆಟ್ಟಿಗೆಗಳು, ಅವಕ್ಕೆಲ್ಲ ಬೂದು ಬಣ್ಣ. ನಾನು ಸೇರಿದ ದಿನವೂ ಬೂದು, ಇವತ್ತೂ ಬೂದು. ನಡುವೆ ಒಮ್ಮೆ ಒಬ್ಬ ಪಾರ್ಟಿ ಕಿತ್ತಳೆ ಬಣ್ಣ ಬೇಕು ಅಂದಿದ್ದ. ಘಟಕದಲ್ಲಿ ಹಬ್ಬದ ಕಳೆ ಬಂದಿತ್ತು. ಸಂಜೆ ಅವನೇ ಫೋನ್ ಮಾಡಿ, ಬೇಡ ಬಿಡಿ, ಬೂದುವೇ ಇರಲಿ ಅಂದ.

ಈಗ ಹೇಳಹೊರಟಿರುವುದೆಲ್ಲ ನನ್ನ ಹೆಂಡತಿ ಖಾನಾವಳಿ ತೆರೆಯುತ್ತೇನೆಂದು ಹೊರಟ ವರ್ಷದ ಸಂಗತಿ. ನಾನು ತುಮಕೂರು ಕಡೆಯವನು, ಅವಳು ಬಾಗಲಕೋಟೆ ಕಡೆಯವಳು. ಮಾಕಳಿಯ ಬಾಡಿಗೆ ಕೋಣೆಗಳ ತುಂಬ ಅವಳ ಸೀಮೆಯಿಂದ ಬಂದ ಗಾರೆ ಕೆಲಸದವರು, ಕಾರ್ಖಾನೆಯವರು ಇದ್ದಾರೆ. ಅನ್ನ ಸಾಂಬಾರು ತಿಂದು ಸೊರಗಿರುವ ಇವರಿಗೆ ಬಿಸಿ ಜೋಳದ ರೊಟ್ಟಿ ಬಡಿದು ಹಾಕಿದರೆ ಸಾಲುಗಟ್ಟಿ ಬರುತ್ತಾರೆ ಎಂಬುದು ಅವಳ ನಂಬಿಕೆ. ಮದುವೆಯಾದಾಗಿನಿಂದ ತನಗಾಗಿ ಏನನ್ನೂ ಕೇಳದವಳು ಇದೊಂದನ್ನು ಬಯಸಿದ್ದಳು. ಇದು ಕೆಡಬಾರದು ಎಂದು ನಾನೂ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ನಾನೇನು ಸಹಾಯ ಮಾಡಲಿ ಎಂದು ಕೇಳಿದೆ. "ನೀವು ಇದರಾಗ ತಲಿ ಹಾಕಬ್ಯಾಡ್ರಿ, ಅದ ದೊಡ್ಡ ಸಹಾಯ" ಅಂದಳು.

ಅದುಮಿಟ್ಟ ಆಸೆ

ಪುಡಿ ಮಾರುವ ಕಂಪನಿಯವರು ವೈಟ್‌ಫೀಲ್ಡಿನ ಒಂದು ಹೋಟೆಲಿನಲ್ಲಿ "ಬಣ್ಣಗಳ ಮನಶ್ಶಾಸ್ತ್ರ" ಎಂಬ ತರಬೇತಿ ಇಟ್ಟುಕೊಂಡಿದ್ದರು. ನಮ್ಮ ಮಾಲೀಕರಿಗೆ ಆಹ್ವಾನ ಬಂತು. ಅವತ್ತು ಲಾರಿಗೆ ಲೋಡಿಂಗ್ ಇತ್ತು, ಲೋಡಿಂಗಿಗೆ ಯಾವ ರೀತಿಯಲ್ಲೂ ಉಪಯೋಗಕ್ಕೆ ಬಾರದವನು ನಾನೊಬ್ಬನೇ ಆದ್ದರಿಂದ ನನ್ನನ್ನು ಕಳಿಸಿದರು.

ತರಬೇತಿ ಕೊಟ್ಟ ಮೇಡಂ ಬಹಳ ಚೆನ್ನಾಗಿ ಮಾತಾಡಿದರು. ನೀಲಿ ಮನಸ್ಸನ್ನು ಶಾಂತ ಮಾಡುತ್ತದಂತೆ. ಬಿಳಿ ಗೌರವ ತರುತ್ತದಂತೆ. ಕಪ್ಪು ಅಧಿಕಾರದ ಬಣ್ಣ, ಹಳದಿ ಸಂತೋಷದ ಬಣ್ಣ. ಕೆಂಪು ಕಂಡರೆ ಹಸಿವಾಗುತ್ತದಂತೆ. ಈ ಕೊನೆಯದನ್ನು ಅವರು ಊಟಕ್ಕೆ ಬಿಡುವ ಸ್ವಲ್ಪ ಮುಂಚೆ ಹೇಳಿದ್ದರಿಂದ ನನಗೆ ಶಾಸ್ತ್ರದಲ್ಲಿ ಪೂರ್ತಿ ನಂಬಿಕೆ ಬಂತು.

ಊಟವಾದ ಮೇಲೆ ಮೇಜಿನ ಮೇಲೆ ಬಣ್ಣದ ಚೀಟಿಗಳನ್ನು ಹರಡಿ, ಏನೂ ಯೋಚಿಸದೆ ಮನಸ್ಸು ಎಳೆದದ್ದನ್ನು ಎತ್ತಿಕೊಳ್ಳಿ ಅಂದರು. ಸುತ್ತ ಇದ್ದವರೆಲ್ಲ ಸಾಫ್ಟ್‌ವೇರ್ ಆಫೀಸುಗಳ ಒಳಾಂಗಣ ಮಾಡುವವರು. ಒಬ್ಬರು ನೇರಳೆ ಎತ್ತಿಕೊಂಡರು, ಇನ್ನೊಬ್ಬರು ಸಮುದ್ರದ ಹಸಿರು. ನನ್ನ ಕೈ ತನ್ನಷ್ಟಕ್ಕೆ ತಾನೇ ಬೂದು ಚೀಟಿಯನ್ನು ಎತ್ತಿ, ದೀಪದ ಕೆಳಗೆ ಹಿಡಿದು, ಎಲ್ಲಾದರೂ ತೂತು ಬಿದ್ದಿದೆಯಾ ಎಂದು ತಿರುಗಿಸಿ ನೋಡತೊಡಗಿತು.

ಮೇಡಂ ನನ್ನ ಹೆಗಲ ಮೇಲೆ ಕೈಯಿಟ್ಟು, ನೀವು ತುಂಬ ಆಸೆಗಳನ್ನು ಅದುಮಿಟ್ಟಿದ್ದೀರಿ ಅಂದರು. ಇದು ನನ್ನ ಆಸೆಯಲ್ಲ ಮೇಡಂ, ಪಾರ್ಟಿ ಆರ್ಡರ್ ಅಂದೆ. ಅದನ್ನೇ ಅದುಮಿಡುವುದು ಅನ್ನುವುದು ಅಂದರು. ಎಲ್ಲರೂ ನನ್ನನ್ನು ಮರುಕದಿಂದ ನೋಡಿದರು.

ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಬಗ್ಗೆ ನನಗೇ ಅಯ್ಯೋ ಅನ್ನಿಸಿತ್ತು. ಹೆಂಡತಿಗೆ ಎಲ್ಲ ಹೇಳಿಕೊಂಡೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿ, ಯಾವ ಆಸೆ ಎಂದು ಕೇಳಿದಳು. ಕುಳಿತು ಯೋಚಿಸಿದೆ. ಒಂದು ಲೋಟ ಚಹಾ ಮುಗಿಯುವವರೆಗೂ ಯೋಚಿಸಿದೆ. ಒಂದೂ ಸಿಗಲಿಲ್ಲ.

"ಅದುಮಿ ಇಡಾಕರೆ ಒಂದು ಇರಬೇಕಲ್ರಿ" ಎಂದು ಅವಳು ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ನೀಲಿ ಕೋಣೆ

ನಮ್ಮ ಮಾಲೀಕರು ಒಳ್ಳೆಯವರು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ರಜೆ ಕೇಳಲು ಹೋದರೆ ಮೊದಲು ಕೂಗಾಡುತ್ತಾರೆ. ಯಂತ್ರದ ಸದ್ದಿಗಿಂತ ಜೋರಾಗಿ ಕೂಗಾಡಿ, ಸುಸ್ತಾಗಿ, ನೀರು ಕುಡಿದು, ಆಮೇಲೆ ಪಾಪ ಅನ್ನಿಸಿ ರಜೆ ಕೊಟ್ಟುಬಿಡುತ್ತಾರೆ. ಇದು ಎಲ್ಲರಿಗೂ ರೂಢಿಯಾಗಿತ್ತು.

ಖಾನಾವಳಿ ಶುರುವಾದರೆ ಮಧ್ಯಾಹ್ನ ಬಡಿಸಲು ನಾನು ಹೋಗಬೇಕಿತ್ತು. ಊಟದ ಬಿಡುವನ್ನು ಒಂದು ಗಂಟೆ ಹೆಚ್ಚಿಸಿ ಎಂದು ಕೇಳಬೇಕು. ಬೈಸಿಕೊಂಡು ಕೇಳುವುದಕ್ಕಿಂತ ಶಾಸ್ತ್ರೀಯವಾಗಿ ಕೇಳೋಣ ಎಂದುಕೊಂಡೆ. ತರಬೇತಿಯಲ್ಲಿ ಕಲಿತದ್ದನ್ನು ಜಾರಿಗೆ ತರುತ್ತೇನೆಂದು ಮಾಲೀಕರನ್ನು ಒಪ್ಪಿಸಿ, ಒಂದು ಭಾನುವಾರ ಸಹೋದ್ಯೋಗಿಗಳನ್ನೆಲ್ಲ ಸೇರಿಸಿ ಅವರ ಕೋಣೆಗೆ ತಿಳಿ ನೀಲಿ ಬಳಿದೆ.

ಸೋಮವಾರ ಪವಾಡವೇ ನಡೆಯಿತು. ಸ್ಟೋರಿನವನು ಒಂದು ಲೋಡನ್ನು ಬೇರೆ ಪಾರ್ಟಿಗೆ ಕಳಿಸಿಬಿಟ್ಟಿದ್ದ. ಮಾಲೀಕರು "ಹೌದಾ" ಅಂದರು, ಅಷ್ಟೇ. ಊಟದ ಹೊತ್ತಿಗೆ ಹುಡುಗರು ನನಗೆ ಚಪ್ಪಾಳೆ ತಟ್ಟಿದರು. ಇದೇ ಒಳ್ಳೆಯ ಸಮಯವೆಂದು ಒಳಗೆ ಹೋಗಿ ನನ್ನ ಒಂದು ಗಂಟೆಯ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಗೋಡೆಯನ್ನೊಮ್ಮೆ ನೋಡಿದರು, ನಿಧಾನವಾಗಿ ಉಸಿರೆಳೆದುಕೊಂಡರು.

"ಆಗಲ್ಲಪ್ಪಾ."

ನಾನು ಇನ್ನೂ ಬೈಗುಳ ಬರಬಹುದೆಂದು ಕಾದು ನಿಂತೆ. ಬರಲಿಲ್ಲ. ಆಗ ನನಗೆ ತಪ್ಪು ಹೊಳೆಯಿತು. ಕೂಗಾಡದಿದ್ದರೆ ಸುಸ್ತಿಲ್ಲ, ಸುಸ್ತಿಲ್ಲದಿದ್ದರೆ ಪಾಪ ಅನ್ನಿಸುವುದಿಲ್ಲ, ಪಾಪ ಅನ್ನಿಸದಿದ್ದರೆ ರಜೆಯಿಲ್ಲ. ಆ ವಾರ ಯಾರು ಏನು ಕೇಳಿದರೂ ಅದೇ ಉತ್ತರ, ಅದೇ ಶಾಂತಿ. ಓವನ್ ನೋಡಿಕೊಳ್ಳುವವನು ತಂಗಿಯ ಮದುವೆಗೆ ರಜೆ ಕೇಳಿದ್ದಕ್ಕೂ ಮಾಲೀಕರು ಮುಗುಳ್ನಕ್ಕು ಇಲ್ಲ ಅಂದರಂತೆ.

ಶನಿವಾರ ಕೆಲಸಕ್ಕೆ ಬಂದಾಗ ನನ್ನ ಮೇಜಿನ ಮೇಲೆ ಒಂದು ದೊಡ್ಡ ಡಬ್ಬ ಕೆಂಪು ಬಣ್ಣ, ಪಕ್ಕದಲ್ಲಿ ಒಂದು ಬ್ರಷ್ ಇತ್ತು.

ಬಿಳಿ ಹೆಲ್ಮೆಟ್

ಪೀಣ್ಯದ ಹತ್ತಿರ ಏಳುತ್ತಿದ್ದ ಒಂದು ಕಟ್ಟಡಕ್ಕೆ ನಮ್ಮ ಪ್ಯಾನೆಲ್‌ಗಳು ಹೋಗಿದ್ದವು. ಇಳಿಸುವಾಗ ಗೀರು ಬಿದ್ದಿವೆ ಎಂದು ದೂರು ಬಂತು. ಡಬ್ಬಿಯಲ್ಲಿ ಸ್ವಲ್ಪ ಬೂದು ಬಣ್ಣ ತುಂಬಿಕೊಂಡು ಹಚ್ಚಿ ಬರಲು ನಾನು ಹೋದೆ.

ಗೇಟಿನಲ್ಲಿ ಸೆಕ್ಯುರಿಟಿಯವನು ಹೆಲ್ಮೆಟ್ ಕೊಡುತ್ತಾನೆ. ಕೆಲಸದವರಿಗೆ ಹಳದಿ, ಎಂಜಿನಿಯರುಗಳಿಗೆ ಬಿಳಿ. ನೀವು ಯಾರು ಸಾರ್ ಎಂದು ಕೇಳಿದ. ಟಚಪ್ ಮಾಡಲು ಬಂದವನು ಎಂದಿದ್ದರೆ ಮುಗಿಯುತ್ತಿತ್ತು. "ಕಲರ್ ಎಕ್ಸ್‌ಪರ್ಟ್" ಅಂದೆ. ಅವನು ಬಿಳಿಯದನ್ನು ಕೊಟ್ಟ.

ಮೇಡಂ ಹೇಳಿದ್ದು ಸುಳ್ಳಲ್ಲ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ನಮಸ್ಕಾರಗಳು ಬಂದವು. ಕೇಳದೆಯೇ ಚಹಾ ಬಂತು. ಎದೆ ತಾನಾಗಿ ಮುಂದೆ ಬಂತು. ಪ್ಯಾನೆಲ್ ಕೋಣೆಯ ಹತ್ತಿರ ಒಬ್ಬ ಮೇಸ್ತ್ರಿ ಕರಣೆ ಹಿಡಿದು ನಿಂತಿದ್ದ. ಇಟ್ಟಿಗೆ, ಗಾರೆ ಎಲ್ಲ ತಯಾರಿತ್ತು. "ಸಾಹೇಬ್ರ, ಈ ಗ್ವಾಡಿ ಬಲಕ್ಕ ತಗೊಳ್ಳೋದ್ರಿ, ಎಡಕ್ಕ ತಗೊಳ್ಳೋದ್ರಿ?" ಎಂದು ಕೇಳಿದ.

ಗೊತ್ತಿಲ್ಲಪ್ಪ ಅನ್ನಬೇಕಿತ್ತು. ಆದರೆ ತಲೆಯ ಮೇಲೆ ಬಿಳಿ ಇತ್ತಲ್ಲ. ಎಡಕ್ಕೊಮ್ಮೆ ನೋಡಿದೆ, ಬಲಕ್ಕೊಮ್ಮೆ ನೋಡಿದೆ, ಒಂದು ಕಣ್ಣು ಮುಚ್ಚಿ ಅಳತೆ ಹಿಡಿದಂತೆ ಮಾಡಿ ಬಲಗೈ ಚಾಚಿದೆ. ಆಮೇಲೆ ಪ್ಯಾನೆಲ್ ಕೋಣೆಯ ಒಳಗೆ ಹೋಗಿ ಗೀರುಗಳಿಗೆ ಬಣ್ಣ ಹಚ್ಚುತ್ತ ಕುಳಿತೆ. ಕೆಲಸ ಮುಗಿಸಿ ಎದ್ದು ನೋಡಿದರೆ, ನಾನು ಬಂದ ಬಾಗಿಲಿಗೆ ಅಡ್ಡವಾಗಿ ಎದೆಯೆತ್ತರದ ಗೋಡೆ ಎದ್ದು ನಿಂತಿತ್ತು.

ಗೋಡೆಯ ಆಚೆ ನಿಜವಾದ ಎಂಜಿನಿಯರ್ ಮೇಸ್ತ್ರಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದ. ಯಾರು ಹೇಳಿದ್ದು ಇಲ್ಲಿ ಕಟ್ಟೋಕೆ ಎಂದು ಕೇಳುತ್ತಿದ್ದ. ಬಿಳಿ ಟೊಪ್ಪಿಗಿ ಸಾಹೇಬ್ರು ಹೇಳಿದ್ರೀ ಎಂದು ಮೇಸ್ತ್ರಿ ಹೇಳುತ್ತಿದ್ದ. ನಾನು ಮೆಲ್ಲಗೆ ಹೆಲ್ಮೆಟ್ ತೆಗೆದು ಪ್ಯಾನೆಲ್ಲಿನೊಳಗಿಟ್ಟು ಬಾಗಿಲು ಹಾಕಿದೆ. ಬರಿದಲೆಯಲ್ಲಿ ಗೋಡೆ ಹತ್ತಿ ಆಚೆ ಇಳಿದೆ. ಹಸಿ ಗಾರೆ ಪ್ಯಾಂಟಿಗೆಲ್ಲ ಮೆತ್ತಿತ್ತು. ಮೇಸ್ತ್ರಿ ನನ್ನ ಮುಖ ನೋಡಿ, ತುಟಿ ಕಚ್ಚಿ ನಗು ತಡೆದುಕೊಂಡ. ಬಾಯಿ ಮಾತ್ರ ಬಿಡಲಿಲ್ಲ.

ಅವನು ಇರುವುದು ಮಾಕಳಿಯಲ್ಲೇ, ಅದೂ ನಮ್ಮ ಹಿಂದಿನ ಬೀದಿಯಲ್ಲಿ ಎಂದು ಆಮೇಲೆ ಗೊತ್ತಾಯಿತು. ನನ್ನ ಹೆಂಡತಿ ಅವನ ಪಕ್ಕದ ಊರಿನವಳು. ಅಕ್ಕಾರು ಖಾನಾವಳಿ ತೆಗೆದರೆ ಇಡೀ ಗ್ಯಾಂಗನ್ನೇ ಕರೆತರುತ್ತೇನೆಂದು ಮಾತು ಕೊಟ್ಟ. ಅಲ್ಲಿಗೆ ಆ ದಿನದಲ್ಲಿ ಒಂದಾದರೂ ಲಾಭವಾಯಿತು ಎಂದುಕೊಂಡೆ. ಎಂಜಿನಿಯರ್ ಮಾತ್ರ ಅವತ್ತು ನನ್ನನ್ನು ಬಿಡಲಿಲ್ಲ. ಹೆಲ್ಮೆಟ್ ಇಲ್ಲದೆ ಸೈಟಿನಲ್ಲಿ ಓಡಾಡುತ್ತೀಯಾ ಎಂದು ಬೈದು, ಹಳದಿಯದೊಂದನ್ನು ತನ್ನ ಕೈಯಾರೆ ನನ್ನ ತಲೆಗೆ ಕವುಚಿ, ಗೇಟಿನವರೆಗೂ ಬಂದು ಕಳಿಸಿಕೊಟ್ಟ.

ಗಿಳಿ ಹಸಿರು

ನಾವು ಬಾಡಿಗೆಗಿರುವ ಕಟ್ಟಡದ ಗೌಡರು ಮಾಕಳಿಯ ಮೂಲದವರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಇವರು ಮೂರು ಮಹಡಿ ಎಬ್ಬಿಸಿದ್ದಾರೆ. ನೆಲಮಹಡಿಯ ಮಳಿಗೆಯೊಂದು ಖಾಲಿಯಿತ್ತು, ಹೆಂಡತಿಯ ಕಣ್ಣು ಅದರ ಮೇಲಿತ್ತು. ಗೌಡರನ್ನು ಖುಷಿಪಡಿಸಬೇಕೆಂದು ನಾನು ಹೊರಟೆ.

ಕಟ್ಟಡಕ್ಕೆ ಆಗ ಗಿಳಿ ಹಸಿರು ಬಣ್ಣ, ಕಿಟಕಿಗಳ ಸುತ್ತ ಗುಲಾಬಿ ಪಟ್ಟಿ. ದೀಪಾವಳಿಗೆ ಮುಂಚೆ ಮತ್ತೆ ಬಣ್ಣ ಹೊಡೆಸುವವರಿದ್ದರು. ಈ ಬಣ್ಣಕ್ಕೆ ಗಾಂಭೀರ್ಯವಿಲ್ಲ ಗೌಡ್ರೇ, ಕೆನೆ ಬಣ್ಣ ಹೊಡೆಸಿ, ನೋಡಿದವರಿಗೆ ವಿಶ್ವಾಸ ಬರುತ್ತದೆ ಎಂದು ಒಂದು ಗಂಟೆ ಶಾಸ್ತ್ರ ಕೊರೆದೆ. ಅವರು ಒಪ್ಪಿದರು. ಬಣ್ಣ ಹೊಡೆದು ಮುಗಿದಾಗ ನನಗಂತೂ ಕಣ್ಣು ತಂಪಾಯಿತು.

ಮರುದಿನ ಗ್ಯಾಸ್ ಸಿಲಿಂಡರ್ ವಾಪಸ್ ಹೋಯಿತು. ಅದರ ಮರುದಿನ ನೀರಿನ ಟ್ಯಾಂಕರ್ ಬೀದಿಯನ್ನು ಮೂರು ಸುತ್ತು ಹಾಕಿ, ಬೇರೆಯವರ ನೆಲದ ತೊಟ್ಟಿಗೆ ನೀರು ಬಿಟ್ಟು ಹೋಯಿತು. ಪಾರ್ಸೆಲ್ ತರುವ ಹುಡುಗರು ಬೀದಿ ತುದಿಯಲ್ಲಿ ನಿಂತು ಫೋನಿನಲ್ಲಿ ಜಗಳಕ್ಕೆ ಬಿದ್ದರು. ನಮ್ಮ ಬೀದಿಯಲ್ಲಿ ಯಾರಿಗೂ ಮನೆ ನಂಬರ್ ಗೊತ್ತಿಲ್ಲ. ನಲವತ್ತು ಜನ ಬಾಡಿಗೆದಾರರ ವಿಳಾಸವೂ "ಗಿಳಿ ಹಸಿರು ಬಿಲ್ಡಿಂಗ್" ಎಂದೇ. ನೆಲಮಂಗಲದಿಂದ ಬಂದ ಗೌಡರ ಬೀಗರು ಎರಡು ಸಲ ಮುಂದಕ್ಕೆ ಹೋಗಿ, ನಾವು ಬರ್ತೀವಿ ಅಂತ ಮನೇನೇ ಎತ್ತಿಸಿಬಿಟ್ರಾ ಎಂದು ಫೋನ್ ಮಾಡಿ ಕೇಳಿದರಂತೆ.

ಗೌಡರು ನನ್ನನ್ನು ಕರೆಸಿದರು. "ಬ್ಯಾರೆಯೋರು ಓಗ್ಲಿ ಕಣಯ್ಯಾ. ಸಂಜೆ ಬಸ್ಸಿಳ್ದು ಮಾತಾಡ್ಕಂಡು ಬಂದು ನಾನೇ ಪಕ್ಕದ ಮನೆ ಗೇಟು ತೆಗ್ದು, ಒಳಿಕ್ಕೋಗಿ ಕಾಪಿ ಕೇಳ್ದೆ."

ಕಟ್ಟಡ ಮತ್ತೆ ಗಿಳಿ ಹಸಿರಾಯಿತು. ಮಳಿಗೆಯನ್ನು ಗೌಡರು ಕೊಟ್ಟರು, ನನ್ನ ಮುಖ ನೋಡಿ ಅಲ್ಲ, ನನ್ನ ಹೆಂಡತಿಯ ಮುಖ ನೋಡಿ. ಎರಡು ಷರತ್ತು ಹಾಕಿದರು. ಸಂಕ್ರಾಂತಿವರೆಗೆ ನೋಡುತ್ತಾರೆ, ಖಾನಾವಳಿ ನಡೆಯದಿದ್ದರೆ ಮಳಿಗೆ ಮೊಬೈಲ್ ರಿಪೇರಿಯವನಿಗೆ. ಅವನು ಆಗಲೇ ಬಂದು ಕೇಳಿ ಹೋಗಿದ್ದ. ಎರಡನೆಯದು, ಮಳಿಗೆಯ ಮುಂಭಾಗ ಬಿಟ್ಟು ಉಳಿದ ಕಟ್ಟಡವನ್ನು ನಾನು ಕಣ್ಣೆತ್ತಿಯೂ ನೋಡಬಾರದು.

ಕಪ್ಪು ಸೀರೆ

ಮಳಿಗೆಯಲ್ಲಿ ಹಾಲು ಉಕ್ಕಿಸುವ ದಿನ ಹೆಂಡತಿ ಅವಳ ತವರಿನಿಂದ ಬಂದ ಚಂದ್ರಕಾಳಿ ಸೀರೆ ಉಟ್ಟು ಬಂದಳು. ಕಪ್ಪು ಸೀರೆ, ಕೆಂಪು ಅಂಚು. ಅವಳ ಕಡೆ ಅದು ಹಬ್ಬದ ಸೀರೆ. ಊರಿನಿಂದ ಬಂದಿದ್ದ ನನ್ನ ತಾಯಿ ಶುಭದಿನ ಕಪ್ಪೇ ಎಂದು ಮುಖ ಸಣ್ಣದು ಮಾಡಿದರು. ಅತ್ತೆ ಸೊಸೆ ನಡುವೆ ಮಾತು ಬೆಳೆಯುವ ಮೊದಲೇ ನಾನು ಶಾಸ್ತ್ರ ಹಿಡಿದು ಮಧ್ಯೆ ಹೋದೆ. ಕಪ್ಪು ಅಧಿಕಾರದ ಬಣ್ಣ ಕಣಮ್ಮಾ, ಉಟ್ಟವರ ಮಾತನ್ನು ಉಳಿದವರು ತಾವಾಗಿಯೇ ಕೇಳುತ್ತಾರಂತೆ ಎಂದು ವಿವರಿಸಿದೆ. ತಾಯಿ ಸುಮ್ಮನಾದರು. ಹೆಂಡತಿ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು.

"ಖರೇನರಿ?" ಅಂದಳು. ಖರೇ ಅಂದೆ. ಹಾಗಾದರೆ ಹಿತ್ತಲಿನ ಮೋರಿ ಕಟ್ಟಿಕೊಂಡಿದೆ, ಸ್ವಲ್ಪ ನೋಡಿ ಅಂದಳು. ನಾನು ಪಂಚೆ ಎತ್ತಿ ಕಟ್ಟಿ ಹೋದೆ.

ಕೆಂಪು ಮತ್ತು ಹಳದಿ

ಮಳಿಗೆಯೊಳಗೆ ಸುಣ್ಣ, ಮುಂಭಾಗಕ್ಕೂ ಸುಣ್ಣ, ಸಾಕು ಎಂಬುದು ಹೆಂಡತಿಯ ಮಾತು. ಆದರೆ ಕೆಂಪು ಕಂಡರೆ ಹಸಿವಾಗುತ್ತದೆ, ಹಳದಿ ಕಂಡರೆ ಸಂತೋಷವಾಗುತ್ತದೆ ಎಂದು ತಿಳಿದಮೇಲೂ ಸುಣ್ಣ ಹೊಡೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಸಹೋದ್ಯೋಗಿಗಳು ಕೊಟ್ಟಿದ್ದ, ಮಾಲೀಕರ ಕೋಣೆಗೆ ಬಳಿಯಲು ಧೈರ್ಯ ಸಾಲದೆ ಉಳಿದಿದ್ದ ಕೆಂಪಿನ ಡಬ್ಬ ಹೇಗೂ ಇತ್ತು. ಹಳದಿ ತಂದೆ. ಅವಳು ಜೋಳ ಬೀಸಿಸಲು ಗಿರಣಿಗೆ ಹೋಗಿದ್ದ ಭಾನುವಾರ ಮುಂಭಾಗವನ್ನೆಲ್ಲ ಬಳಿದುಬಿಟ್ಟೆ. ಕೆಳಗಿನ ಅರ್ಧಕ್ಕೆ ಕೈ ಕಾಲು ತಾಗಿ ಕೊಳೆಯಾಗುತ್ತದೆಂದು ಅಲ್ಲಿ ಕೆಂಪು, ಮೇಲಿನ ಅರ್ಧಕ್ಕೆ ಹಳದಿ. ಶಟರಿಗೂ ಹಾಗೆಯೇ. ಬಾಗಿಲ ಮುಂದೆ ಹಳೆಯದೊಂದು ಕಬ್ಬಿಣದ ಕಂಬವಿತ್ತು, ಬಣ್ಣ ಮಿಕ್ಕಿತೆಂದು ಅದಕ್ಕೂ ಬಳಿದೆ. ಹೆಸರಿನ ಬೋರ್ಡು ಬರೆಯುವವನು ಇವತ್ತು ನಾಳೆ ಎನ್ನುತ್ತಿದ್ದ. ಅಕ್ಟೋಬರ್ ಕೊನೆಯ ವಾರ ಖಾನಾವಳಿ ತೆರೆಯಿತು.

ಹೆಂಡತಿ ಮೊದಲ ದಿನ ರೊಟ್ಟಿ, ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿ ಮಾಡಿಟ್ಟಳು. ಹಿಂದಿನ ದಿನ ನಮ್ಮ ಓವನ್ ಕೆಟ್ಟು ಘಟಕ ಮುಚ್ಚಿತ್ತು, ಹಾಗಾಗಿ ನಾನೂ ಮುಂದೆ ನಿಂತಿದ್ದೆ. ಮೇಸ್ತ್ರಿಯ ಗ್ಯಾಂಗು ಬರಲಿಲ್ಲ. ಕೆಲಸದವರು ರಸ್ತೆಯಾಚೆ ಗುಂಪಾಗಿ ನಿಂತು ನಮ್ಮ ಕಡೆ ನೋಡುತ್ತಿದ್ದರು, ಆಮೇಲೆ ಹೆಗಲ ಟವೆಲ್ ಸರಿಮಾಡಿಕೊಂಡು ಅನ್ನ ಸಾಂಬಾರಿನ ಹೋಟೆಲಿನ ಕಡೆ ಹೋಗುತ್ತಿದ್ದರು.

ಮೊದಲು ಒಳಗೆ ಬಂದವನು ಒಬ್ಬ ಆಟೋ ಚಾಲಕ. ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದು, "ಅಣ್ಣ, ಅಧ್ಯಕ್ಷರು ಇದಾರಾ?" ಅಂದ. ಯಜಮಾನರನ್ನು ಸ್ವಲ್ಪ ಹೆಚ್ಚು ಮರ್ಯಾದೆಯಿಂದ ಕೇಳುತ್ತಿದ್ದಾನೆ ಅಂದುಕೊಂಡೆ. ಯಜಮಾನಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಂಗಿಯ ಗುಂಡಿ ಸರಿಮಾಡಿಕೊಂಡು "ನಾನೇ" ಅಂದೆ.

ಅವನು ಕುಳಿತು ಕಷ್ಟ ಹೇಳಿಕೊಂಡ. ಕಾರ್ಖಾನೆಯೊಂದರ ಬಸ್ಸು ದಿನಾ ಆಟೋ ಸ್ಟ್ಯಾಂಡಿನಲ್ಲೇ ನಿಲ್ಲುತ್ತದಂತೆ. ನನಗೆ ಇದನ್ನೆಲ್ಲ ಯಾಕೆ ಹೇಳುತ್ತಿದ್ದಾನೆಂದು ಅರ್ಥವಾಗಲಿಲ್ಲ. ಮೊದಲ ಗಿರಾಕಿಯನ್ನು ಬಿಡಲೂ ಮನಸ್ಸಿರಲಿಲ್ಲ. ಮೊದಲು ಊಟ ಮಾಡಿ, ಆಮೇಲೆ ನೋಡೋಣ ಅಂದೆ. ಅವನು ಹೊಟ್ಟೆ ತುಂಬ ಉಂಡ. ಎಷ್ಟೋ ಕಡೆ ಅಲೆದಿದ್ದೇನೆ ಅಣ್ಣ, ಒಂದು ಲೋಟ ನೀರು ಕೊಟ್ಟವರಿಲ್ಲ, ನೀವು ಊಟ ಹಾಕಿದ್ರಿ ಎಂದು ಕಣ್ಣೊರೆಸಿಕೊಂಡು, ಇನ್ನೊಮ್ಮೆ ಕೈಮುಗಿದು ಹೊರಟೇಹೋದ. ದುಡ್ಡು ಕೊಡಬೇಕೆಂಬ ಯೋಚನೆಯೇ ಅವನಿಗೆ ಬರಲಿಲ್ಲ.

ಸಂಜೆ ಎದುರಿನ ಬಟ್ಟೆ ಅಂಗಡಿಯ ಸೇಠು ಒಂದು ಡಬ್ಬಿ ಸಿಹಿ ಹಿಡಿದು ಬಂದ. ಅವನ ಅಂಗಡಿಗೆ ಇಂಗ್ಲಿಷ್ ಬೋರ್ಡು ಮಾತ್ರ ಇತ್ತು. ನಾಳೆನೇ ಕನ್ನಡ ಬೋರ್ಡ್ ಹಾಕಿಸ್ತೀನಿ ಸಾರ್ ಎಂದು ನಿಂತೇ ಹೇಳಿದ. ಒಳ್ಳೆಯ ನೆರೆಯವನು ಸಿಕ್ಕಿದ ಅಂದುಕೊಂಡು ನಗುತ್ತ, ಬೋರ್ಡು ನಿಮ್ಮ ಇಷ್ಟ, ನನ್ನದೇನಿದೆ ಅಂದೆ. ಅವನ ಮುಖ ಇನ್ನಷ್ಟು ಬೆವರಿತು. ಮಾರನೆಯ ಬೆಳಿಗ್ಗೆ ನೋಡಿದರೆ ಎರಡು ಬೋರ್ಡು ಎದ್ದಿದ್ದವು, ಎರಡೂ ಕನ್ನಡದಲ್ಲಿ.

ಹೀಗೇ ನಾಲ್ಕು ದಿನ ನಡೆಯಿತು. ಬಂದವರೆಲ್ಲ ಮರ್ಯಾದೆ ಕೊಟ್ಟರು, ಉಣ್ಣಲು ಯಾರೂ ಬರಲಿಲ್ಲ. ರಾತ್ರಿ ಹೆಂಡತಿ ಉಳಿದ ರೊಟ್ಟಿಗಳ ಮೇಲೆ ಬಟ್ಟೆ ಮುಚ್ಚಿಡುತ್ತಿದ್ದಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಒಳಗೇನಾದರೂ ಮರೆತು ನೀಲಿ ಬಳಿದಿದ್ದೇನಾ ಎಂದು ಗೋಡೆಗಳನ್ನೆಲ್ಲ ಇನ್ನೊಮ್ಮೆ ನೋಡಿದೆ. ನಿಜವಾಗಿ ಸಂಕಟವಾಗಿತ್ತು.

ಐದನೆಯ ದಿನ ಮೇಸ್ತ್ರಿ ರಸ್ತೆಯಾಚೆಯಿಂದ ಕೈಸನ್ನೆ ಮಾಡಿ ನನ್ನನ್ನು ಕರೆದ. "ಅಲ್ರಿ ಬಿಳಿ ಟೊಪ್ಪಿಗಿ ಸಾಹೇಬ್ರ, ಅಕ್ಕಾರ ಖಾನಾವಳಿ ಎಲ್ಲೈತ್ರಿ? ದಿನಾ ಬಂದು ಹುಡುಕಾಕತ್ತೀವಿ" ಅಂದ. ನಾನು ಕೈ ತೋರಿಸಿದೆ. "ಅದು ಕನ್ನಡ ಸಂಘದ ಆಫೀಸಲ್ರಿ? ಗಾರಿ ಮೆತ್ತಿದ ಕಾಲಾಗ ಅಲ್ಲಿ ಹೆಂಗ ಬರೂದ್ರಿ."

ನಾನು ತಿರುಗಿ ನೋಡಿದೆ. ಮೂಗು ಗೋಡೆಗೆ ತಾಗಿಸಿಕೊಂಡು ಬಣ್ಣ ಬಳಿದವನು, ರಸ್ತೆಯಾಚೆ ನಿಂತು ಅದನ್ನು ನೋಡಿದ್ದು ಅದೇ ಮೊದಲು. ಮೇಲೆ ಹಳದಿ, ಕೆಳಗೆ ಕೆಂಪು, ಮುಂದೊಂದು ಕಂಬ. ಹುಟ್ಟಿದಾಗಿನಿಂದ ನೋಡಿದ ಕನ್ನಡ ಬಾವುಟವನ್ನು ನಾನು ಶಟರಿನಷ್ಟು ಅಗಲ ಬಳಿದು, ಅದು ಹಸಿವಿನ ಶಾಸ್ತ್ರ ಅಂದುಕೊಂಡಿದ್ದೆ.

ಓಡಿಹೋಗಿ ಸುಣ್ಣದ ಬಕೆಟ್ ತಂದೆ. ಗೌಡರು ಕೈ ಹಿಡಿದು ನಿಲ್ಲಿಸಿದರು. "ನಾಳೀಕೆ ನವಂಬರ್ ಒಂದು. ಇವತ್ತು ಇಡೀ ಆಟೋ ಸ್ಟ್ಯಾಂಡ್ ಮುಂದೆ ಅದ್ರ ಮ್ಯಾಲೆ ಸುಣ್ಣ ಬಳೀತೀಯಾ? ನೀನೊಬ್ನೇ ಓಗಲ್ಲ ಕಣಯ್ಯಾ, ನನ್ ಬಿಲ್ಡಿಂಗೂ ಓಯ್ತದೆ." ಬಕೆಟ್ ಕೆಳಗಿಟ್ಟೆ.

ಮರುದಿನ ಬೆಳಿಗ್ಗೆ ಹೂವಿನ ಅಲಂಕಾರ ಮಾಡಿದ ಆಟೋಗಳು ಒಂದರ ಹಿಂದೊಂದು ಬಂದು ನಮ್ಮ ಮುಂದೆ ನಿಂತವು. ಎಲ್ಲರಿಗೂ ಮುಂದೆ ಆ ಮೊದಲ ಗಿರಾಕಿ. ನನ್ನ ಕೊರಳಿಗೆ ಹಾರ ಬಿತ್ತು. ನಾನು ಬಣ್ಣ ಬಳಿದ ಕಂಬಕ್ಕೇ ಬಾವುಟ ಕಟ್ಟಿ, ಹಗ್ಗ ನನ್ನ ಕೈಗೆ ಕೊಟ್ಟರು. ಏರಿಸಿದೆ. ಆಮೇಲೆ ಅಧ್ಯಕ್ಷರು ಎರಡು ಮಾತಾಡಬೇಕು ಅಂದರು. ರಸ್ತೆ ತುಂಬ ಜನ ಸೇರಿದ್ದರು. ಸೇಠು ಹೊಸ ಬೋರ್ಡಿನ ಕೆಳಗೆ ಕೈಕಟ್ಟಿ ನಿಂತಿದ್ದ. ಮೇಸ್ತ್ರಿಯ ಗ್ಯಾಂಗು ರಸ್ತೆಯಾಚೆ ನಿಂತಿತ್ತು. ನನಗೆ ಬರುವ ಭಾಷಣ ಒಂದೇ.

ಹಳದಿ ಸಂತೋಷದ ಬಣ್ಣ ಅಂದೆ. ಭಾರಿ ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ಹುರುಪಿನಲ್ಲಿ, ಕೆಂಪು ಹಸಿವಿನ ಬಣ್ಣ ಅಂದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಬಂದಳು. ರಾಜ್ಯೋತ್ಸವವೆಂದು ಅದೇ ಕಪ್ಪು ಸೀರೆ ಉಟ್ಟಿದ್ದಳು, ಕೈಯೆಲ್ಲ ಹಿಟ್ಟಾಗಿತ್ತು.

"ಹಸದಾವ್ರು ಒಳಗ ಬರ್ರಿ" ಅಂದಳು. "ಇದು ಸಂಘ ಅಲ್ಲ, ಖಾನಾವಳಿ. ಇವ್ರು ಅಧ್ಯಕ್ಷರಲ್ಲ, ನಮ್ಮನಿಯವ್ರು. ರೊಟ್ಟಿ ಬಿಸಿ ಅದಾವ. ಉಂಡಮ್ಯಾಲ ರೊಕ್ಕ ಕೊಡೂದು ಮರೀಬ್ಯಾಡ್ರಿ."

ಮೊದಲು ನಕ್ಕವನು ಮೇಸ್ತ್ರಿ. ಆಮೇಲೆ ಇಡೀ ರಸ್ತೆ ನಕ್ಕಿತು. ಆ ಮೊದಲ ಗಿರಾಕಿ ನಾಲಗೆ ಕಚ್ಚಿಕೊಂಡು ಜೇಬಿಗೆ ಕೈ ಹಾಕಿದ. ಗ್ಯಾಂಗು ರಸ್ತೆ ದಾಟಿ ಬಂತು, ಆಟೋದವರು ಬಂದರು, ಸೇಠೂ ಬಂದ. ಕೂರಲು ಜಾಗ ಸಾಲದೆ ಜನ ಆಟೋಗಳಲ್ಲೇ ಕುಳಿತು ಉಂಡರು. ನಾನು ಹಾರ ಹಾಕಿಕೊಂಡೇ ಬಡಿಸಿದೆ. ರೊಟ್ಟಿಯ ಬುಟ್ಟಿ ಬರಿದಾದಾಗ ಹೆಂಡತಿ ನನ್ನ ಕಡೆ ನೋಡಿ ನಕ್ಕಳು. ಅಂಥ ಖುಷಿಯನ್ನು ನಾನು ಬೇರೆ ಯಾವತ್ತೂ ಕಂಡವನಲ್ಲ.

ಬೋರ್ಡು ಬಂದರೂ ಜನ ಈಗ ಅದನ್ನು ಬಾವುಟದ ಖಾನಾವಳಿ ಎಂದೇ ಕರೆಯುತ್ತಾರೆ. ಸಂಕ್ರಾಂತಿ ಬರುವ ಮೊದಲೇ ಗೌಡರು ಮೊಬೈಲ್ ರಿಪೇರಿಯವನಿಗೆ ಬೇರೆ ಜಾಗ ನೋಡಿಕೋ ಅಂದುಬಿಟ್ಟರು. ಕಷ್ಟ ಹೇಳಿಕೊಳ್ಳುವವರು ಇನ್ನೂ ಬರುತ್ತಾರೆ. ಹೆಂಡತಿ ರೊಟ್ಟಿ ಬಡಿಯುತ್ತಲೇ ಕೇಳಿ, ರೊಟ್ಟಿ ಬೇಯುವಷ್ಟರಲ್ಲಿ ತೀರ್ಪು ಕೊಡುತ್ತಾಳೆ. ಆಟೋ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದ ಕಾರ್ಖಾನೆ ಬಸ್ಸಿನ ಚಾಲಕನನ್ನು ಒಮ್ಮೆ ಊಟಕ್ಕೆ ಕರೆದಳು, ಈಗ ಅವನು ಬಸ್ಸನ್ನು ಬೇರೆ ಕಡೆ ನಿಲ್ಲಿಸಿ ನಡೆದು ಬರುತ್ತಾನೆ. ನನಗೊಂದು ಅಡ್ಡ ಹೆಸರು ಮಾತ್ರ ಉಳಿಯಿತು. ಮಾಕಳಿಯಲ್ಲಿ ಈಗ ಎಲ್ಲರೂ ನನ್ನನ್ನು ಕರೆಯುವುದು ಅಧ್ಯಕ್ಷರೇ ಎಂದು.

ಬಿಡುವಿನ ಒಂದು ಗಂಟೆ ಮಾತ್ರ ನನಗೆ ಸಿಕ್ಕಿರಲಿಲ್ಲ. ದಿನಾ ಮಧ್ಯಾಹ್ನ ಹಿಂದಿನ ಗೇಟಿನಿಂದ ನುಸುಳಿ ಹೋಗಿ ಬರುತ್ತಿದ್ದೆ. ಒಂದು ದಿನ ಮಾಲೀಕರು ನನ್ನ ಜಾಡು ಹಿಡಿದು ಹೊರಟರಂತೆ. ಆಟೋ ಸ್ಟ್ಯಾಂಡಿನಲ್ಲಿ ವಿಚಾರಿಸಿದ್ದಕ್ಕೆ, ಓ ನಮ್ಮ ಅಧ್ಯಕ್ಷರಾ ಎಂದು ನಾಲ್ಕು ಜನ ಎದ್ದು ನಿಂತು ದಾರಿ ತೋರಿಸಿದರಂತೆ. ಕೆಂಪು ಹಳದಿ ಮುಂಭಾಗ ನೋಡಿ ಮಾಲೀಕರು ಹೊಸಿಲಲ್ಲೇ ನಿಂತರು. ಬೂಟು ಬಿಚ್ಚಿದರು. ಒಳಗೆ ಕಪ್ಪು ಸೀರೆಯಲ್ಲಿ ಕುಳಿತಿದ್ದ ನನ್ನ ಹೆಂಡತಿಗೆ ಕೈಮುಗಿದು, ಸ್ವರ ತಗ್ಗಿಸಿ ಕೇಳಿದರು.

"ಅಮ್ಮಾ, ಅಧ್ಯಕ್ಷರು ಇದ್ದಾರಾ?"

ಹೆಂಡತಿ ರೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

"ಅದಾರ್ರಿ. ಹಿತ್ತಲದಾಗ ಗಂಗಾಳ ತಿಕ್ಕಾಕತ್ತಾರ."

ಮಾಲೀಕರು ಹಿತ್ತಲಿಗೆ ಬಂದರು. ಸೌದೆ ಒಲೆಯ ಬೂದಿಯಿಂದ ತಟ್ಟೆ ತಿಕ್ಕಿ ತಿಕ್ಕಿ ನನ್ನ ಎರಡೂ ಕೈ ಮೊಣಕೈವರೆಗೆ ಬೂದು ಬಣ್ಣವಾಗಿತ್ತು. ಅವರು ಹತ್ತಿರ ಬಂದು, ಪ್ಯಾನೆಲ್ ತಪಾಸಣೆ ಮಾಡುವಂತೆ ನನ್ನ ಕೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಶೇಡ್ ಕರೆಕ್ಟಾಗಿದೆ" ಅಂದರು. "ದಿನಾ ಒಂದು ಗಂಟೆ ತಗೋ."